ಭೂಮಣ್ಣಿ ಬುಟ್ಟಿಯ ಬಣ್ಣ: ಕೆಮ್ಮಣ್ಣಿನಿಂದ ಅಕ್ರಿಲಿಕ್‌ವರೆಗೆ



ಆಶ್ವಯುಜ ಮಾಸ ಸಮೀಪಿಸಿತೆಂದರೆ ನಿಮ್ಮಲ್ಲಿ ಕೆಲವರು ನನಗೆ ಚಿತ್ರಗಳನ್ನು ಕಳುಹಿಸುವುದು ವಾಡಿಕೆಯಾಗಿದೆ. ಬೆಂಗಳೂರಿನ ಮೇಳವೊಂದರಲ್ಲಿ ಕೊಂಡ ಹಸೆ ಚಿತ್ತಾರ, ಮಗಳು ಬೇಸಿಗೆ ಶಿಬಿರದಲ್ಲಿ ಕಲಿತು ಬರೆದ ತಟ್ಟೆ, ಹಬ್ಬಕ್ಕೆಂದು ಅಂಗಡಿಯಿಂದ ತಂದ ಚಿತ್ತಾರದ ಬುಟ್ಟಿ, ಹೀಗೆ. ಬಹುಪಾಲು ಎಲ್ಲವೂ ಅಕ್ರಿಲಿಕ್ ಬಣ್ಣದವು. ಬುಟ್ಟಿಯ ಅಂಚಿಗೆ ಕನ್ನಡಿ ಚೂರು, ಮಣಿ, ಜರಿಯ ಪಟ್ಟಿಗಳನ್ನು ಅಂಟಿಸಿರುವುದೂ ಉಂಟು. ಚಿತ್ರದ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ: "ಇದು ಅಸಲಿಯೋ, ನಕಲಿಯೋ?"

ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಉತ್ತರಿಸಿಬಿಡಬಹುದು. ಆದರೆ ಈ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಅದರಲ್ಲಿ ಮಣ್ಣಿದೆ, ಅಕ್ಕಿಯಿದೆ, ಜರ್ಮನಿಯ ರಸಾಯನಶಾಸ್ತ್ರವಿದೆ, ನಮ್ಮದೇ ಸಾಗರ ಸೀಮೆಯ ಒಂದು ಹೋರಾಟವೂ ಇದೆ. ಆದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಬುಟ್ಟಿಯ ವಿಷಯ. ಮಲೆನಾಡಿನ ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳಲ್ಲಿಯೂ ಪಕ್ಕದ ಉತ್ತರ ಕನ್ನಡದ ಸಿದ್ದಾಪುರದ ಕಡೆಯೂ ನೆಲೆಸಿರುವ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಚಿತ್ರಕಲೆಗೆ ಚಿತ್ತಾರವೆಂದು ಹೆಸರು. ಮದುವೆಯಲ್ಲಿ ವಧೂವರರನ್ನು ಕೂರಿಸುವ ಹಸೆಯ ಹಿಂದಿನ ಗೋಡೆಗೆ ಬರೆದರೆ ಅದು ಹಸೆ ಚಿತ್ತಾರ. ಆಶ್ವಯುಜದ ಹುಣ್ಣಿಮೆಗೆ, ಅಂದರೆ ಭೂಮಿ ಹುಣ್ಣಿಮೆಗೆ, ಬಿದಿರಿನ ಬುಟ್ಟಿಯ ಮೇಲೆ ಬರೆದರೆ ಅದು ಭೂಮಣ್ಣಿ ಬುಟ್ಟಿ. ನಮ್ಮಲ್ಲಿ ಇದನ್ನು "ಬಿಡಿಸುವುದು" ಎನ್ನುವುದಿಲ್ಲ, "ಬರೆಯುವುದು" ಎನ್ನುತ್ತಾರೆ. ಅಕ್ಷರ ಕಲಿಯುವ ಅವಕಾಶವಿಲ್ಲದಿದ್ದ ಕಾಲದಲ್ಲಿಯೂ ಆ ತಾಯಂದಿರು ಬರೆಯುತ್ತಿದ್ದರು ಎಂಬುದನ್ನು ನೀವು ಗಮನಿಸಬೇಕು.

ಈ ಹಬ್ಬಕ್ಕೂ ಗದ್ದೆಗೂ ಇರುವ ನಂಟು ನೇರವಾದದ್ದು. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿಯನ್ನು ತುಂಬು ಬಸುರಿಯೆಂದು ಭಾವಿಸಿ ಅವಳಿಗೆ ಬಯಕೆಯ ಊಟ ಬಡಿಸುವುದೇ ಹಬ್ಬದ ತಿರುಳು. ವಿಜಯದಶಮಿಯ ದಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಸಿದ್ಧಪಡಿಸುತ್ತಾರೆ. ನಡುವಿನ ನಾಲ್ಕೈದು ದಿನಗಳಲ್ಲಿ ಅದರ ಮೇಲೆ ಬಿಳಿಯ ಎಳೆಗಳು ಮೂಡುತ್ತವೆ. ಹುಣ್ಣಿಮೆಯ ರಾತ್ರಿಯಿಡೀ ಅಡುಗೆ ನಡೆಯುತ್ತದೆ. ಬಗೆಬಗೆಯ ಸೊಪ್ಪುಗಳನ್ನು ಬೇಯಿಸಿದ ಅಚ್ಚಂಬಲಿ, ಕೊಟ್ಟೆ ಕಡುಬು, ಇನ್ನೂ ಅನೇಕ ಭಕ್ಷ್ಯಗಳು ಸಿದ್ಧವಾಗುತ್ತವೆ. ಬೆಳಕು ಹರಿಯುವ ಮುನ್ನ ಗಂಡಸರು ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ, ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತ ಅಚ್ಚಂಬಲಿಯನ್ನು ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೂಜೆ ಮಾಡಿ, ಕಾಗೆಗೂ ಒಂದು ಪಾಲು ಇಟ್ಟು, ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಬಯಲುಸೀಮೆಯ ನನ್ನ ಬಂಧುಗಳಿಗೆ ಇದು ಶೀಗಿ ಹುಣ್ಣಿಮೆ ಎಂದರೆ ಬೇಗ ಅರ್ಥವಾದೀತು. ನೀವು ಹೊಲದಲ್ಲಿ ಚರಗ ಚೆಲ್ಲುವ ಹಬ್ಬದ ಮಲೆನಾಡಿನ ಅಕ್ಕ ಇದು.

ದಸರೆಯ ರಜೆ ಕಳೆದು ಶಾಲೆ ತೆರೆದಾಗ ನಮ್ಮ ತರಗತಿಯ ಹೆಣ್ಣುಮಕ್ಕಳ ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿನ ಕೆಂಪು ಇನ್ನೂ ಉಳಿದಿರುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಕೆಂಪಿನ ಚರಿತ್ರೆಯನ್ನು ಈಗ ನೋಡೋಣ.

ಚಿತ್ತಾರದ ಸಾಂಪ್ರದಾಯಿಕ ಬಣ್ಣಗಳು ನಾಲ್ಕು. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿಹಿಟ್ಟು ಅಥವಾ ಜೇಡಿಮಣ್ಣು. ಕಪ್ಪಿಗೆ ಕರಿಕಾಗುವ ತನಕ ಹುರಿದು ಅರೆದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ಗಿಡದ ನಾರು. ಅದರ ತುದಿಯನ್ನು ಹದಗೊಳಿಸಿ ಕೂದಲೆಳೆಯಷ್ಟು ಸಪೂರ ಗೆರೆಯನ್ನು ಎಳೆಯುತ್ತಾರೆ. ಚಿತ್ತಾರದ ವ್ಯಾಕರಣವಿರುವುದೇ ಈ "ಎಳೆ"ಯಲ್ಲಿ. ಸಮಾನಾಂತರವಾಗಿ ಸಾಗುವ ಎಳೆಗಳು ಕೂಡಿ ಜೋಗಿಜಡೆಯಾಗುತ್ತವೆ, ಏಣಿಯಾಗುತ್ತವೆ, ಭತ್ತದ ಸಸಿಯಾಗುತ್ತವೆ, ಹಕ್ಕಿಯಾಗುತ್ತವೆ. ಬುಟ್ಟಿಯ ಮೇಲಂತೂ ಈ ಕೆಲಸ ಇನ್ನೂ ಕಠಿಣ. ಗೋಡೆ ಸಮತಟ್ಟು, ಬುಟ್ಟಿ ಬಾಗಿರುವಂಥದ್ದು, ಮೇಲೆ ಅಗಲ, ಕೆಳಗೆ ಕಿರಿದು. ಹೊರಟ ಜಾಗಕ್ಕೇ ಎಳೆಗಳು ಸುತ್ತಿ ಬಂದು ಸರಿಯಾಗಿ ಕೂಡಬೇಕೆಂದರೆ ಕಣ್ಣಿನಲ್ಲಿಯೇ ಗಣಿತವಿರಬೇಕು. ನನ್ನ ಜೊತೆಯ ಗಣಿತದ ಮೇಷ್ಟ್ರು ಇದನ್ನು ರೇಖಾಗಣಿತದ ಪಾಠಕ್ಕೆ ಉದಾಹರಣೆಯಾಗಿ ಕೊಡುತ್ತಿದ್ದರು.

ಕೆಮ್ಮಣ್ಣು ಕೆಂಪಾಗಿರುವುದಕ್ಕೆ ಕಾರಣ ಅದರಲ್ಲಿರುವ ಕಬ್ಬಿಣದ ಆಕ್ಸೈಡ್. ಪಶ್ಚಿಮ ಘಟ್ಟದ ಧಾರಾಕಾರ ಮಳೆ ಲಕ್ಷಾಂತರ ವರ್ಷಗಳ ಕಾಲ ಕಲ್ಲಿನಲ್ಲಿದ್ದ ಕರಗುವ ಪದಾರ್ಥಗಳನ್ನೆಲ್ಲ ತೊಳೆದು ಒಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶವನ್ನು ಉಳಿಸಿತು. ಜಂಬಿಟ್ಟಿಗೆ ಕಲ್ಲು ಹುಟ್ಟಿದ್ದೂ ಹೀಗೆಯೇ. ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಕಲ್ಲಿಗೆ "ಲ್ಯಾಟರೈಟ್" ಎಂದು ಹೆಸರಿಟ್ಟ. ವಿಜ್ಞಾನಕ್ಕೆ ಹೆಸರು ಸಿಕ್ಕಿದ್ದು ಆಗ. ನಮ್ಮ ಅಜ್ಜಿಯರಿಗೆ ಆ ಮಣ್ಣಿನ ಗುಣ ಅದಕ್ಕಿಂತ ಬಹಳ ಹಿಂದೆಯೇ ಗೊತ್ತಿತ್ತು.

ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಮಾಸುವ ಬಣ್ಣವಲ್ಲ. ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಗುಹೆಗಳಲ್ಲಿ ಆದಿಮಾನವರು ಬಳಿದ ಕೆಂಪು ಸಾವಿರಾರು ವರ್ಷಗಳ ನಂತರವೂ ಉಳಿದಿದೆ. ಹಾಗಿದ್ದರೆ ನಮ್ಮ ಚಿತ್ತಾರ ಒಂದೆರಡು ಮಳೆಗಾಲದಲ್ಲಿ ಏಕೆ ಅಳಿಸಿಹೋಗುತ್ತದೆ? ಬಣ್ಣ ಅಳಿಯುವುದಿಲ್ಲ, ಅದನ್ನು ಹಿಡಿದಿಟ್ಟ ಅಂಟು ಅಳಿಯುತ್ತದೆ. ಅಕ್ಕಿಹಿಟ್ಟಿನಲ್ಲಿರುವ ಗಂಜಿಯೇ ಇಲ್ಲಿ ಅಂಟು. ಮಲೆನಾಡಿನ ತೇವಕ್ಕೆ ಅದು ಸಡಿಲಗೊಳ್ಳುತ್ತದೆ, ಹುಳಗಳು ಅದನ್ನು ತಿನ್ನುತ್ತವೆ. ಅಂಟು ಬಿಟ್ಟಮೇಲೆ ಮಣ್ಣು ಮಣ್ಣಿಗೇ ಉದುರುತ್ತದೆ.

ಅಕ್ರಿಲಿಕ್ಕಿನ ಕಥೆ ಆರಂಭವಾಗುವುದು ಈ ಅಂಟಿನಿಂದಲೇ. 1901ರಲ್ಲಿ ಜರ್ಮನಿಯ ಒಟ್ಟೊ ರೋಮ್ ಎಂಬ ರಸಾಯನಶಾಸ್ತ್ರಜ್ಞ ಅಕ್ರಿಲಿಕ್ ಆಮ್ಲದಿಂದ ಬರುವ ಅಂಟುಪದಾರ್ಥಗಳ ಬಗ್ಗೆ ತನ್ನ ಡಾಕ್ಟರೇಟ್ ಪ್ರಬಂಧವನ್ನು ಬರೆದ. 1930ರ ದಶಕದಲ್ಲಿ ಅದೇ ವರ್ಗದ ವಸ್ತುವಿನಿಂದ ಗಾಜಿನಂಥ ಪ್ಲೆಕ್ಸಿಗ್ಲಾಸ್ ಹಾಳೆ ತಯಾರಾಯಿತು. 1950ರ ದಶಕದಲ್ಲಿ ಈ ಪ್ಲಾಸ್ಟಿಕ್ಕಿನ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಹಾಲಿನಂತೆ ತೇಲಿಸುವ ವಿಧಾನ ಬಳಕೆಗೆ ಬಂದಿತು. 1955ರಲ್ಲಿ ಅಮೆರಿಕದಲ್ಲಿ ಲಿಕ್ವಿಟೆಕ್ಸ್ ಎಂಬ ಹೆಸರಿನಲ್ಲಿ ಕಲಾವಿದರಿಗಾಗಿ ನೀರಿನಲ್ಲಿ ಕಲಸಬಲ್ಲ ಅಕ್ರಿಲಿಕ್ ಬಣ್ಣ ಮಾರಾಟಕ್ಕೆ ಬಂತು. ಹಚ್ಚಿದಾಗ ನೀರು ಆರುತ್ತದೆ, ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಆಮೇಲೆ ಅದೇ ನೀರು ಅದನ್ನು ಕರಗಿಸಲಾರದು. ನಮ್ಮಲ್ಲಿ 1931ರಲ್ಲಿ ಮುಂಬಯಿಯಲ್ಲಿ ಶಾಯಿ ತಯಾರಿಸಲು ಹುಟ್ಟಿದ ಕ್ಯಾಮ್ಲಿನ್ ಮುಂದೆ ಬಣ್ಣಗಳ ದೊಡ್ಡ ಹೆಸರಾಯಿತು. ಫೆವಿಕ್ರಿಲ್‌ನ ಪುಟ್ಟ ಡಬ್ಬಿಗಳು ಊರೂರಿನ ಫ್ಯಾನ್ಸಿ ಸ್ಟೋರುಗಳಿಗೂ ಬಂದವು.

ಇಲ್ಲಿ ಒಂದು ಸ್ವಾರಸ್ಯವಿದೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಡಬ್ಬಿಗಳಲ್ಲಿ "ರೆಡ್ ಆಕ್ಸೈಡ್" ಎಂಬ ಹೆಸರಿನದೊಂದು ಇರುತ್ತದೆ. ಅದರೊಳಗಿನ ಕೆಂಪು ಯಾವುದು? ಅದೂ ಕಬ್ಬಿಣದ ಆಕ್ಸೈಡೇ. ಕಾರ್ಖಾನೆಯಲ್ಲಿ ತಯಾರಾದದ್ದು ಎಂಬುದಷ್ಟೇ ವ್ಯತ್ಯಾಸ. ಅಂದಮೇಲೆ ಅಜ್ಜಿಯ ಬುಟ್ಟಿಗೂ ಮೊಮ್ಮಗಳ ಬುಟ್ಟಿಗೂ ಕೆಂಪು ಒಂದೇ, ಅಂಟು ಬೇರೆ. ಒಂದು ಅಂಟು ವರ್ಷದೊಳಗೆ ಬಿಡುವಂಥದ್ದು, ಇನ್ನೊಂದು ಬಿಡದೇ ಇರುವಂಥದ್ದು. ನನ್ನ ಲೆಕ್ಕದಲ್ಲಿ ಇಡೀ ಪ್ರಶ್ನೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಬಿಡುವ ಅಂಟಿನ ಹಿಂದೆ ಒಂದು ವ್ಯವಸ್ಥೆಯಿತ್ತು. ಚಿತ್ತಾರ ಅಳಿಯುತ್ತದೆ, ಆದ್ದರಿಂದ ಪ್ರತಿವರ್ಷ ಮತ್ತೆ ಬರೆಯಬೇಕು. ಮತ್ತೆ ಬರೆಯಬೇಕಾದ್ದರಿಂದ ತಾಯಿಯ ಪಕ್ಕದಲ್ಲಿ ಮಗಳು ಕುಳಿತು ನೋಡುತ್ತಾಳೆ, ಮುಂದಿನ ವರ್ಷ ಒಂದು ಮೂಲೆಯನ್ನು ತಾನೇ ತುಂಬುತ್ತಾಳೆ, ಮತ್ತೂ ಕೆಲವು ವರ್ಷಗಳಲ್ಲಿ ಚಿತ್ತಾರಗಿತ್ತಿಯಾಗುತ್ತಾಳೆ. ಪಠ್ಯಪುಸ್ತಕವಿಲ್ಲದ, ಹಾಜರಿ ಪುಸ್ತಕವಿಲ್ಲದ ಶಾಲೆ ಅದು. ಬಿ.ಎಡ್. ತರಗತಿಯಲ್ಲಿ ನಮಗೆ "ಮಾಡಿ ಕಲಿ" ಎಂಬ ತತ್ತ್ವವನ್ನು ಬೋಧಿಸುತ್ತಿದ್ದರು. ಆ ತತ್ತ್ವ ಕೆಮ್ಮಣ್ಣಿನ ಬಟ್ಟಲಿನ ಸುತ್ತ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಬುಟ್ಟಿ ಹತ್ತು ವರ್ಷ ಬಾಳಿಕೆ ಬಂದರೆ ಈ ಶಾಲೆಗೆ ಒಂಬತ್ತು ವರ್ಷ ರಜೆ.

ಬಿಡದ ಅಂಟಿಗೂ ಅದರದೇ ಪುಣ್ಯವಿದೆ, ಅದನ್ನೂ ಹೇಳಬೇಕು. ಇದಕ್ಕೆ ಬಿಹಾರದ ಮಿಥಿಲೆಯ ಉದಾಹರಣೆ ಸಾಕು. ಅಲ್ಲಿಯೂ ಮದುವೆಯ ಕೋಣೆಯ ಗೋಡೆಗೆ ಹೆಂಗಸರೇ ಚಿತ್ರ ಬರೆಯುತ್ತಿದ್ದರು. 1934ರ ಭೂಕಂಪದಲ್ಲಿ ಮನೆಗಳು ಕುಸಿದಾಗ ಆ ಒಳಗೋಡೆಗಳನ್ನು ಕಂಡ ಬ್ರಿಟಿಷ್ ಅಧಿಕಾರಿ ವಿಲಿಯಂ ಆರ್ಚರ್ ಮುಂದೆ 1949ರಲ್ಲಿ "ಮಾರ್ಗ್" ಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದರು. 1966-67ರ ಭೀಕರ ಬರಗಾಲದಲ್ಲಿ ಪುಪುಲ್ ಜಯಕರ್ ಅವರ ಮುತುವರ್ಜಿಯಿಂದ ಅಖಿಲ ಭಾರತ ಕರಕುಶಲ ಮಂಡಳಿಯು ಭಾಸ್ಕರ್ ಕುಲಕರ್ಣಿ ಎಂಬ ಕಲಾವಿದರನ್ನು ಅಲ್ಲಿಗೆ ಕಳುಹಿಸಿತು. ಗೋಡೆಯ ಚಿತ್ರವನ್ನು ಕಾಗದದ ಮೇಲೆ ಬರೆದರೆ ಮಾರಬಹುದು, ಹೊಟ್ಟೆ ಹೊರೆಯಬಹುದು ಎಂಬುದು ಆಲೋಚನೆ. ಅದು ಫಲಿಸಿತು. 1975ರಲ್ಲಿ ಜಗದಂಬಾ ದೇವಿಯವರಿಗೂ 1984ರಲ್ಲಿ ಗಂಗಾ ದೇವಿಯವರಿಗೂ ಪದ್ಮಶ್ರೀ ಬಂತು. ನಮ್ಮ ಚಿತ್ತಾರವೂ ಮುಂದಿನ ದಶಕಗಳಲ್ಲಿ ಕಾಗದ, ಬಟ್ಟೆ, ಕ್ಯಾನ್ವಾಸ್ ಏರಿದ್ದು ಇದೇ ದಾರಿಯಲ್ಲಿ. ಕೊಂಡವರ ಮನೆಯಲ್ಲಿ ಉದುರುವ ಚಿತ್ರವನ್ನು ಯಾರು ಕೊಳ್ಳುತ್ತಾರೆ? ಅಕ್ರಿಲಿಕ್ ಇಲ್ಲದೆ ಆ ಮಾರುಕಟ್ಟೆ ಇಷ್ಟು ಸುಲಭವಾಗಿ ಬೆಳೆಯುತ್ತಿರಲಿಲ್ಲ.

ಆದರೆ ಅದೇ ಗಂಗಾ ದೇವಿಯವರ ಕಥೆಗೆ ಇನ್ನೊಂದು ಪುಟವಿದೆ. ಅವರು ಬದುಕಿನ ಕೊನೆಯ ವರ್ಷಗಳಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದ ಕೋಣೆಯೊಂದರ ಗೋಡೆಗಳ ಮೇಲೆ ಮದುವೆಯ ಮನೆಯ ಚಿತ್ರವನ್ನು ಬರೆದಿದ್ದರು. 1991ರಲ್ಲಿ ಅವರು ತೀರಿಕೊಂಡರು. ಸದಾಕಾಲ ಉಳಿಯಲೆಂದು ಬರೆಸಿದ ಆ ಚಿತ್ರ 2015ರಲ್ಲಿ ಕಟ್ಟಡದ ನವೀಕರಣದ ವೇಳೆ ನಾಶವಾಯಿತು. ವರ್ಷವರ್ಷ ಅಳಿಸಿಹೋಗುವ ಗೋಡೆಗಳಿರುವ ಹಳ್ಳಿಗಳಲ್ಲಿ ಕಲೆ ಉಳಿದಿದೆ, ಕಾಪಾಡಲೆಂದೇ ಕಟ್ಟಿದ ಮನೆಯಲ್ಲಿ ಹೋಯಿತು. ಬಾಳಿಕೆ ಎಂಬುದು ಬಣ್ಣದ ಗುಣವಷ್ಟೇ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಪಾಠವನ್ನು ನಮ್ಮ ಸೀಮೆ ಇನ್ನೂ ಮುಂಚೆಯೇ ಕಲಿತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಏರಿದಾಗ ಕಣಿವೆಯ ಹಳ್ಳಿಗಳು ಮುಳುಗಿದವು. ಚಿತ್ತಾರದ ಗೋಡೆಗಳೂ ಮುಳುಗಿದವು. ಗೋಡೆಯನ್ನು ಹೊತ್ತೊಯ್ಯುವುದು ಸಾಧ್ಯವಿಲ್ಲ. ಆ ಹೆಣ್ಣುಮಕ್ಕಳು ಹೊಸ ಊರುಗಳಿಗೆ ಒಯ್ದದ್ದು ಬೆರಳುಗಳಲ್ಲಿದ್ದ ನೆನಪನ್ನು.

ಈಗ ಈ ಚರಿತ್ರೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಬುಟ್ಟಿಯನ್ನು ಹೊತ್ತೊಯ್ದದ್ದು ಗದ್ದೆಗೆ. ಆ ಗದ್ದೆ ಯಾರದು? ಸ್ವಾತಂತ್ರ್ಯ ಬಂದ ಕಾಲದಲ್ಲಿ ಸಾಗರ ಸೀಮೆಯ ದೀವರಲ್ಲಿ ಬಹುಪಾಲು ಜನ ಗೇಣಿದಾರರು. ಉಳುವುದು, ನೆಡುವುದು, ಬಸುರಿ ಭೂಮಿಗೆ ಉಣಬಡಿಸುವುದು ಇವರು. ಕೊಯ್ಲಾದ ಮೇಲೆ ಭತ್ತ ಅಳೆದುಕೊಂಡು ಹೋಗುವುದು ಒಡೆಯರು. ಅಳೆಯುವ ಕೊಳಗದ ಗಾತ್ರದ ಬಗ್ಗೆಯೇ ಜಗಳ ಹುಟ್ಟಿತು: ಗೇಣಿ ಪಡೆಯುವ ಕೊಳಗ ಇರಬೇಕಾದುದಕ್ಕಿಂತ ದೊಡ್ಡದೆಂಬುದು ರೈತರ ದೂರು. 1951ರ ಏಪ್ರಿಲ್‌ನಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂತು. "ಉಳುವವನೇ ಹೊಲದೊಡೆಯ" ಎಂಬ ಮಾತು ನಿಮಗೆ ನೆನಪಿರಬೇಕು; ನಿಮ್ಮ ಪಠ್ಯದಲ್ಲಿ ಅದಕ್ಕಿದ್ದದ್ದು ಎರಡೇ ಸಾಲು. ನಿಮ್ಮ ಅಜ್ಜಂದಿರು ಡಿಕ್ಲರೇಷನ್ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಕಾದು ನಿಂತದ್ದು ಆ ಎರಡು ಸಾಲುಗಳ ಒಳಗಿತ್ತು.

ಕೊಳಗವೂ ಬುಟ್ಟಿಯೂ ಒಂದೇ ಗದ್ದೆಯ ಪಾತ್ರೆಗಳು. ಒಂದರಲ್ಲಿ ಭತ್ತ ಹೊರಗೆ ಹೋಗುತ್ತಿತ್ತು, ಇನ್ನೊಂದರಲ್ಲಿ ಅನ್ನ ಗದ್ದೆಗೆ ಬರುತ್ತಿತ್ತು. ತನ್ನದಲ್ಲದ ನೆಲವನ್ನು ತಾಯಿಯೆಂದು ಕರೆದು, ತಾನು ಅರೆಹೊಟ್ಟೆಯಲ್ಲಿದ್ದ ವರ್ಷವೂ ಅವಳಿಗೆ ಬಯಕೆಯ ಊಟವಿತ್ತ ಹೆಣ್ಣುಮಗಳು ಆ ಬುಟ್ಟಿಯನ್ನು ಅಕ್ಕಿಹಿಟ್ಟಿನಿಂದ ಸಿಂಗರಿಸಿದ್ದಳು. ಅಕ್ಕಿ ಅವಳಿಗೆ ಬಿಟ್ಟಿ ಸಿಗುವ ಬಣ್ಣವಾಗಿರಲಿಲ್ಲ. ಇದನ್ನು ನೆನೆದಾಗ ಬುಟ್ಟಿಯ ಬಿಳಿ ಎಳೆಗಳು ನನಗೆ ಬರಿಯ ಅಲಂಕಾರವಾಗಿ ಕಾಣುವುದಿಲ್ಲ. ಹಕ್ಕುಪತ್ರ ಕೈಗೆ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಆ ನೆಲದ ಮೇಲೆ ಅವಳು ಬರೆದಿಟ್ಟ ಹಕ್ಕು ಅದು.

ಇದೀಗ ಅಸಲಿ ನಕಲಿಯ ಮಾತಿಗೆ ಉತ್ತರ ಹೇಳಬಹುದು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅಕ್ರಿಲಿಕ್ ಇರಲಿ, ಅದರಲ್ಲಿ ಯಾವ ತಪ್ಪೂ ಇಲ್ಲ. ಬರೆದವಳ ಹೆಸರು ಕೇಳಿ ತಿಳಿದುಕೊಳ್ಳಿ, ಅವಳ ದುಡಿಮೆಗೆ ತಕ್ಕ ಬೆಲೆ ಕೊಡಿ. ಅಲ್ಲಿ ಅಸಲಿತನವೆಂದರೆ ಅದೇ. ಮನೆಯಲ್ಲಿ ಮಕ್ಕಳೊಂದಿಗೆ ಬರೆಯುವುದಾದರೆ ರೆಡ್ ಆಕ್ಸೈಡನ್ನು ತೆಳುವಾಗಿ ಎರಡು ಸಲ ಬಳಿದು ಪ್ರತಿಸಲವೂ ಪೂರ್ತಿ ಆರಲು ಬಿಡಿ. ಬಿಳಿಯನ್ನು ಗಟ್ಟಿ ಹಾಲಿನ ಹದಕ್ಕೆ ನೀರು ಬೆರೆಸಿ. ಕುಂಚವನ್ನು ಒಣಗಲು ಬಿಡಬೇಡಿ, ಒಮ್ಮೆ ಒಣಗಿದರೆ ಅದು ಕಡ್ಡಿಯೇ. ಕನ್ನಡಿ, ಮಣಿಗಳ ಆಸೆಯಿದ್ದರೆ ಅಂಟಿಸಿ, ಆದರೆ ಎಳೆಗಳನ್ನು ಮುಚ್ಚದಿರಲಿ. ನಮ್ಮವರಲ್ಲಿಯೇ ಭತ್ತದ ತೆನೆಗಳನ್ನು ಹೆಣೆದು ತೋರಣ ಮಾಡುವ ಚೆಂದದ ಕೌಶಲವಿದೆ; ಪ್ಲಾಸ್ಟಿಕ್ ಮಣಿಗಿಂತ ಅದು ಬುಟ್ಟಿಗೆ ಹೆಚ್ಚು ಒಪ್ಪುತ್ತದೆ.

ಹೊಲಕ್ಕೆ ಅನ್ನ ಹೊರುವ ಬುಟ್ಟಿಗೆ ಮಾತ್ರ ನನ್ನ ಮತ ಬೇರೆ. ಅದಕ್ಕೆ ಕೆಮ್ಮಣ್ಣೇ ಇರಲಿ, ಅಕ್ಕಿಹಿಟ್ಟೇ ಇರಲಿ. ಅನ್ನದ ಪಾತ್ರೆಗೆ ಪ್ಲಾಸ್ಟಿಕ್ ಪೊರೆ ಬೇಡವೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅದು ಅಳಿಯಬೇಕು. ಅಳಿದರೆ ತಾನೆ ಮುಂದಿನ ವಿಜಯದಶಮಿಗೆ ನಿಮ್ಮ ಮಗಳು ಬಟ್ಟಲಿನ ಮುಂದೆ ಕೂರುವುದು?

ನನಗಿರುವ ಆತಂಕ ಬಣ್ಣದ್ದಲ್ಲ. ಮಲೆನಾಡಿನ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಹಾಗೆ ಮಾಡಿದವರನ್ನು ನಾನು ದೂರಲಾರೆ. ಭತ್ತದ ಲೆಕ್ಕ ಎಂಥದೆಂದು ರೈತರ ಮನೆಯ ನಿಮಗೆ ಹೇಳಬೇಕಿಲ್ಲ. ತೋಟದಲ್ಲಿಯೂ ಭೂಮಿ ಹುಣ್ಣಿಮೆಯ ಪೂಜೆ ನಡೆಯುತ್ತದೆ, ಸಂತೋಷ. ಆದರೆ ಹೊಡೆ ತುಂಬಿದ ಪೈರಿಲ್ಲದ ಕಡೆ ಬಸುರಿಯ ಬಯಕೆ ಎಂಬ ಮಾತು ಮಕ್ಕಳಿಗೆ ಹೇಗೆ ಅರ್ಥವಾಗಬೇಕು? ಅಂಟು ಬದಲಾದಾಗ ಹಬ್ಬ ಬದುಕಿಕೊಂಡಿತು. ಗದ್ದೆಯೇ ಇಲ್ಲವಾದರೆ ಬುಟ್ಟಿ ಅಲಂಕಾರದ ವಸ್ತುವಾಗಿ ಮಾತ್ರ ಉಳಿಯುತ್ತದೆ.

ಊರಿನಲ್ಲಿ ಇನ್ನೂ ಒಂದೆರಡು ಗುಂಟೆಯಾದರೂ ಭತ್ತ ಬೆಳೆಯುವ ಮನೆಯವರು ನಿಮ್ಮಲ್ಲಿದ್ದರೆ, ಈ ಸಲದ ಹುಣ್ಣಿಮೆಗೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬನ್ನಿ. ಮೇಷ್ಟ್ರ ಮನೆಗೆಲಸವೆಂದೇ ತಿಳಿಯಿರಿ. ಮಕ್ಕಳ ಕೈಗೆ ಪುಂಡಿ ನಾರನ್ನು ಕೊಟ್ಟು ಒಂದು ಎಳೆಯನ್ನಾದರೂ ಎಳೆಸಿ. ಸೊಟ್ಟಗಾದರೆ ಚಿಂತೆಯಿಲ್ಲ, ಬರುವ ವರ್ಷ ಹೇಗೂ ಮತ್ತೆ ಬರೆಯುವುದೇ ಇದೆ.